ವಾಚು ತೋರಿಸುವ ನಿದ್ದೆಯನ್ನು ಎಷ್ಟು ನಂಬಬೇಕು? ಒಂದು ವಾರದಲ್ಲಿ ನೀವೇ ನೋಡಿಕೊಳ್ಳಿ

ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಒಂದೂವರೆಗೆ ಕರೆಂಟ್ ಹೋಯಿತು. ದಾವಣಗೆರೆಯ ಏಪ್ರಿಲ್ ಸೆಕೆ ಗೊತ್ತಲ್ಲ, ಫ್ಯಾನ್ ನಿಂತ ಐದು ನಿಮಿಷಕ್ಕೆ ಬನಿಯನ್ ಒದ್ದೆ. ಎದ್ದು ಓಡಾಡಿದರೆ ಮನೆಯವರೆಲ್ಲ ಏಳುತ್ತಾರೆ ಅಂತ ಅಲುಗಾಡದೆ ಅಂಗಾತ ಬಿದ್ದುಕೊಂಡಿದ್ದೆ, ಸೊಳ್ಳೆ ಗುಂಯ್‌ಗುಡುವುದು, ದೂರದಲ್ಲಿ ಗೂಡ್ಸ್ ರೈಲು ಹೋಗುವುದು ಎಲ್ಲಾ ಕೇಳುತ್ತಾ, ಕರೆಂಟ್ ಬರುವವರೆಗೆ, ಅಂದರೆ ಹೆಚ್ಚುಕಮ್ಮಿ ಮೂರರವರೆಗೆ. ಬೆಳಿಗ್ಗೆ ಕೈಯಲ್ಲಿದ್ದ ಸ್ಮಾರ್ಟ್ ವಾಚಿನ ಆಪ್ ತೆರೆದರೆ ಆ ಹೊತ್ತಿಗೆ ಸರಿಯಾಗಿ ತಿಳಿನೀಲಿ ಪಟ್ಟಿ: ಲೈಟ್ ಸ್ಲೀಪ್, ಅಂದರೆ ಹಗುರ ನಿದ್ದೆ. ನಡುವೆ ಒಂದು ತುಂಡು ಡೀಪ್, ಅಂದರೆ ಗಾಢ ನಿದ್ದೆ ಬೇರೆ. ನೂರಕ್ಕೆ 84 ಅಂಕ. ಅಮ್ಮನಿಗೆ ತೋರಿಸಿದೆ. "ಮೊದ್ಲು ಹೋಗಿ ಕನ್ನಡಿ ನೋಡ್ಕೋ" ಅಂದಳು.

ಅವತ್ತಿನಿಂದ ಈ ವಾಚನ್ನು ಪರೀಕ್ಷೆಗೆ ಹಾಕಿದೆ. ನೀವೂ ಮಾಡಬಹುದು. ಬೇಕಾಗಿರುವುದು ಒಂದು ನೋಟ್‌ಬುಕ್ಕು, ಒಂದು ಪೆನ್ನು, ಏಳು ರಾತ್ರಿ.

ಮೊದಲು ವಾಚು ಏನು ಮಾಡುತ್ತದೆ ಅಂತ ಸ್ವಲ್ಪ ತಿಳಿದಿರಲಿ, ಇಲ್ಲದಿದ್ದರೆ ಎಲ್ಲಿ ಎಡವುತ್ತದೆ ಅಂತ ಗೊತ್ತಾಗುವುದಿಲ್ಲ. ಆಸ್ಪತ್ರೆಯ ಸ್ಲೀಪ್ ಲ್ಯಾಬಿನಲ್ಲಿ ತಲೆಗೆ ವೈರು ಅಂಟಿಸುತ್ತಾರೆ, ಕಣ್ಣಿನ ಪಕ್ಕ, ಗದ್ದಕ್ಕೂ ಅಂಟಿಸುತ್ತಾರೆ, ಎದೆಗೆ ಬೆಲ್ಟು, ಬೆರಳಿಗೆ ಕ್ಲಿಪ್ಪು. ಮಿದುಳಿನ ಅಲೆ, ಕಣ್ಣುಗುಡ್ಡೆಯ ಓಡಾಟ, ಸ್ನಾಯುವಿನ ಬಿಗಿ ಎಲ್ಲಾ ದಾಖಲಾಗುತ್ತದೆ. ಆಮೇಲೆ ರಾತ್ರಿಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ, ಒಂದೊಂದೂ ಯಾವ ಹಂತ (ಎಚ್ಚರ, ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ) ಅಂತ ಗುರುತು ಹಾಕುತ್ತಾರೆ. ನಿಮ್ಮ ಕೈಯಲ್ಲಿರುವ ವಾಚಿಗೆ ಮಿದುಳು ಕಾಣುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ಮುಖ್ಯವಾಗಿ ಎರಡು: ಕೈ ಅಲುಗಿತಾ ಇಲ್ವಾ, ಮತ್ತು ಹಿಂಬದಿಯ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದಿಂದ ಎಷ್ಟು ವಾಪಸು ಬಂತು. ಆ ಬೆಳಕಿನಿಂದ ನಾಡಿ ಬಡಿತ ಲೆಕ್ಕ ಹಾಕುತ್ತದೆ. ಗಾಢ ನಿದ್ದೆಯಲ್ಲಿ ನಾಡಿ ನಿಧಾನ, ಒಂದೇ ಸಮ. ಕನಸಿನ ನಿದ್ದೆ, ಅಂದರೆ ರೆಮ್‌ನಲ್ಲಿ ನಾಡಿ ಏರುಪೇರು, ಆದರೆ ದೇಹ ಮಾತ್ರ ಬೊಂಬೆಯಂತೆ ಸುಮ್ನೆ ಬಿದ್ದಿರುತ್ತದೆ. ಇದನ್ನೆಲ್ಲ ಕೂಡಿಸಿ ವಾಚು ಒಂದು ಊಹೆ ಮಾಡುತ್ತದೆ. ಊಹೆ ಅಷ್ಟೇ.

ಕೆಲವು ವಾಚುಗಳು ಬಾಳೆಹಣ್ಣಿಗೆ ಕಟ್ಟಿದರೂ ನಾಡಿ ತೋರಿಸುತ್ತವೆ. ಬೇಕಾದರೆ ನೋಡಿ.

ಹಾಗಂತ ಎಲ್ಲಾ ಸುಳ್ಳಲ್ಲ. ಲ್ಯಾಬಿನ ಜೊತೆ ಹೋಲಿಸಿ ನೋಡಿದ ಪರೀಕ್ಷೆಗಳಲ್ಲಿ, ನಿದ್ದೆ ಮಾಡುತ್ತಿರುವವರನ್ನು ನಿದ್ದೆಯಲ್ಲಿದ್ದಾರೆ ಅಂತ ಹೇಳುವುದರಲ್ಲಿ ಒಳ್ಳೆಯ ವಾಚುಗಳು 90 ಶೇಕಡಕ್ಕಿಂತ ಜಾಸ್ತಿ ಸರಿ. ಎಡವುವುದು ಎಚ್ಚರವಾಗಿ ಅಲುಗಾಡದೆ ಮಲಗಿದವರ ವಿಷಯದಲ್ಲಿ, ನನ್ನ ಕರೆಂಟ್ ಹೋದ ರಾತ್ರಿಯ ಹಾಗೆ. ಹಂತಗಳ ವಿಷಯಕ್ಕೆ ಬಂದರೆ ಸರಿ ಬರುವುದು ಸಾಮಾನ್ಯವಾಗಿ 60ರಿಂದ 70 ಶೇಕಡದ ಆಸುಪಾಸು, ಮಾಡೆಲ್ ಮೇಲೆ ಹೆಚ್ಚುಕಮ್ಮಿ. ಇನ್ನೊಂದು ತಮಾಷೆ ಗೊತ್ತಾ? ಲ್ಯಾಬಿನಲ್ಲಿ ಒಂದೇ ರಾತ್ರಿಯ ದಾಖಲೆಯನ್ನು ಇಬ್ಬರು ಪರಿಣತರಿಗೆ ಕೊಟ್ಟರೆ ಅವರಿಬ್ಬರ ಗುರುತೂ ಪೂರ್ತಿ ಹೊಂದುವುದಿಲ್ಲ, 80 ಶೇಕಡಕ್ಕಿಂತ ಸ್ವಲ್ಪ ಮೇಲೆ ಅಷ್ಟೇ.

ಈಗ ಕೆಲಸ. ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಿನಷ್ಟು ಮೇಲೆ ಕಟ್ಟಿ, ಜಾರಬಾರದು, ಬೆಳಿಗ್ಗೆ ಅಚ್ಚೂ ಮೂಡಬಾರದು. ನಮ್ಮ ಕಡೆ ಸೆಕೆಗೆ ಬೆವರು ಕೂತು ಹಿಂಬದಿ ಮಸುಕಾಗುತ್ತದೆ, ಮಲಗುವ ಮುಂಚೆ ಒರೆಸಿ. ಯಾವ ಕೈಗೆ ಕಟ್ಟಿದ್ದೀರಿ ಅಂತ ಆಪ್ ಕೇಳಿದರೆ ಸರಿಯಾಗಿ ಹೇಳಿ. ಬ್ಯಾಟರಿ ಉಳಿಸಲು ಕೆಲವು ಬ್ಯಾಂಡುಗಳಲ್ಲಿ ರಾತ್ರಿಯಿಡೀ ನಾಡಿ ಅಳೆಯುವುದನ್ನು ಆಫ್ ಮಾಡಿಟ್ಟಿರುತ್ತಾರೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆನ್ ಮಾಡಿ, ಇಲ್ಲದಿದ್ದರೆ ಹಂತಗಳೆಲ್ಲ ಬರೀ ಕೈ ಅಲುಗಾಟದ ಲೆಕ್ಕ. ಅಜ್ಜಿಯಂದಿರ ಮಣಿಕಟ್ಟಿನಲ್ಲಿ ದಟ್ಟ ಹಚ್ಚೆ ಇದ್ದರೆ ಬೆಳಕು ಒಳಗೆ ಹೋಗುವುದಿಲ್ಲ, ಹಚ್ಚೆ ಇಲ್ಲದ ಕೈಗೆ ಕಟ್ಟಿ. ನಾಡಿ ಮಿಡಿತದಲ್ಲೇ ಏರುಪೇರು ಇರುವವರು, ಬಿಪಿ ಅಥವಾ ಹೃದಯಕ್ಕೆ ನಾಡಿ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ಹಂತದ ಪಟ್ಟಿಯನ್ನು ಇನ್ನೂ ಕಮ್ಮಿ ನಂಬಬೇಕು.

ನೋಟ್‌ಬುಕ್ಕು ದಿಂಬಿನ ಪಕ್ಕ ಇರಲಿ. ಲೈಟ್ ಆರಿಸಿದ್ದು ಎಷ್ಟೊತ್ತಿಗೆ, ಎಷ್ಟು ಸಲ ಎಚ್ಚರ ಆಯಿತು, ಹೆಚ್ಚುಕಮ್ಮಿ ಎಷ್ಟು ಹೊತ್ತು, ಬೆಳಿಗ್ಗೆ ಎದ್ದದ್ದು ಎಷ್ಟೊತ್ತಿಗೆ, ಮೈ ಹಗುರ ಅನ್ನಿಸಿತಾ ಅನ್ನುವುದಕ್ಕೆ ಹತ್ತಕ್ಕೆ ಒಂದು ಅಂಕ. ಇದನ್ನು ಆಪ್ ನೋಡುವ ಮುಂಚೆ ಬರೆಯಿರಿ. ಇದೊಂದನ್ನು ತಪ್ಪಿಸಿದರೆ ಪರೀಕ್ಷೆ ಹಾಳು, ಯಾಕಂದರೆ 62 ಅಂಕ ಕಂಡ ಕೂಡಲೇ ಮೈ ಭಾರ ಆಗಿಬಿಡುತ್ತದೆ! ನನಗೇ ಆಗಿದೆ. 2017ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೊಂದು ಹೆಸರೂ ಇಟ್ಟರು, ಆರ್ಥೋಸೋಮ್ನಿಯಾ ಅಂತ, ಆಪ್‌ನಲ್ಲಿ ಒಳ್ಳೆ ನಿದ್ದೆ ಬರಬೇಕು ಅಂತ ಚಿಂತೆ ಮಾಡಿ ಇರುವ ನಿದ್ದೆಯನ್ನೂ ಕೆಡಿಸಿಕೊಳ್ಳುವುದು.

ವಾರದಲ್ಲಿ ಒಂದು ದಿನ ಬೇಕಂತಲೇ ಮೋಸ ಮಾಡಿ. ಮಲಗುವ ಹೊತ್ತಿಗೆ ಅರ್ಧ ಗಂಟೆ ಕಣ್ಣು ಬಿಟ್ಟುಕೊಂಡು, ಅಲುಗಾಡದೆ, ಜಂತಿ ಎಣಿಸುತ್ತಾ ಬಿದ್ದಿರಿ, ಮೊಬೈಲ್ ಬೇಡ. ಬೆಳಿಗ್ಗೆ ಆ ಅರ್ಧ ಗಂಟೆ ಏನಾಗಿದೆ ನೋಡಿ. ನಿಮ್ಮ ವಾಚಿನ ನಿಜವಾದ ಬಣ್ಣ ಅಲ್ಲಿ ತಿಳಿಯುತ್ತದೆ. ಇನ್ನೊಂದು, ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಹದಿನೈದು ನಿಮಿಷ ತೂಕಡಿಸಿದರೆ ಅದು ದಾಖಲಾಗಿದೆಯಾ ನೋಡಿ. ನನ್ನದು ಒಮ್ಮೆಯೂ ಹಿಡಿದಿಲ್ಲ. ಭಾನುವಾರ ಬೆಣ್ಣೆ ದೋಸೆ ತಿಂದು ಮಧ್ಯಾಹ್ನ ಎರಡು ಗಂಟೆ ಹೊಡೆದ ನಿದ್ದೆಯನ್ನು ಮಾತ್ರ ಹಿಡಿಯಿತು.

ವಾರ ಆದ ಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಮಲಗಿದ, ಎದ್ದ ಸಮಯ ಹದಿನೈದು ನಿಮಿಷದೊಳಗೆ ಹೊಂದಿದರೆ ಅದನ್ನು ನಂಬಿ. ಒಟ್ಟು ನಿದ್ದೆಯಲ್ಲಿ ವಾಚು ಸಾಮಾನ್ಯವಾಗಿ ಧಾರಾಳಿ, ನೀವು ಬರೆದ, ವಾಚು ಹಿಡಿಯದ ಎಚ್ಚರದ ಹೊತ್ತನ್ನು ಅದರಿಂದ ಕಳೆಯಿರಿ. ಹಂತಗಳನ್ನು ಒಂದು ರಾತ್ರಿಗೆ ನೋಡಲೇಬೇಡಿ. ಅದೇ ವಾಚಿನ ಎರಡು ವಾರದ ಸರಾಸರಿ ನೋಡಿ, ಅದೂ ಏನಾದರೂ ಬದಲಾಗಿದೆಯಾ ಅಂತ ಮಾತ್ರ. ನಡುವೆ ಅಪ್‌ಡೇಟ್ ಬಂದರೆ ಲೆಕ್ಕ ಹಾಕುವ ರೀತಿಯೇ ಬದಲಾಗಬಹುದು, ಆ ತಾರೀಖನ್ನೂ ಬರೆದಿಟ್ಟುಕೊಳ್ಳಿ. ಗೆಳೆಯನ ಬೇರೆ ಕಂಪನಿಯ ವಾಚಿನ ಜೊತೆ ಹೋಲಿಸುವುದಂತೂ ದಂಡ.

ಲೈಟ್ ಸ್ಲೀಪ್ ಅರ್ಧಕ್ಕಿಂತ ಜಾಸ್ತಿ ಇದೆ ಅಂತ ಗಾಬರಿ ಬೀಳುವವರೇ ಹೆಚ್ಚು. ದೊಡ್ಡವರಲ್ಲಿ ಅದು ಹಾಗೇ ಇರಬೇಕು. ಗಾಢ ನಿದ್ದೆ ಸುಮಾರು 13ರಿಂದ 23 ಶೇಕಡ, ರೆಮ್ 20ರಿಂದ 25. ವಯಸ್ಸಾದಂತೆ ಗಾಢ ನಿದ್ದೆ ಕಮ್ಮಿಯಾಗುತ್ತದೆ, ಅಪ್ಪನ ವಾಚಿನಲ್ಲಿ ನಿಮಗಿಂತ ಕಮ್ಮಿ ಕಂಡರೆ ಹೆದರಬೇಡಿ. ಗಾಢ ನಿದ್ದೆ ಬರುವುದು ರಾತ್ರಿಯ ಮೊದಲ ಭಾಗದಲ್ಲಿ, ರೆಮ್ ಜಾಸ್ತಿ ಬೆಳಗಿನ ಜಾವ. ಕುಂದವಾಡ ಕೆರೆಗೆ ವಾಕಿಂಗ್ ಹೋಗಬೇಕು ಅಂತ ನಾಲ್ಕೂವರೆಗೆ ಅಲಾರಾಂ ಇಟ್ಟು, ಮಲಗುವುದು ಮಾತ್ರ ಹನ್ನೆರಡಕ್ಕೆ ಅಂದರೆ ಕತ್ತರಿ ಬೀಳುವುದು ರೆಮ್‌ಗೇ.

ನನಗೆ ವಾಚಿನಿಂದ ಸಿಕ್ಕ ಲಾಭ ಹಂತಗಳಿಂದಲ್ಲ. ಸಂಜೆ ಏಳಕ್ಕೆ ಮಂಡಕ್ಕಿ ಮಿರ್ಚಿ ಜೊತೆ ಸ್ಟ್ರಾಂಗ್ ಚಹಾ ಕುಡಿದ ದಿನಗಳಲ್ಲಿ ನಿದ್ದೆ ಹತ್ತುವುದು ತಡ ಅನ್ನುವುದು ನೋಟ್‌ಬುಕ್ಕಿನಲ್ಲೂ ಇತ್ತು, ವಾಚಿನಲ್ಲೂ ಇತ್ತು. ಮಿರ್ಚಿ ಬಿಟ್ಟಿಲ್ಲ, ಚಹಾ ಬಿಟ್ಟೆ.

ಗೊರಕೆ ಜೋರು, ನಡುವೆ ಉಸಿರು ನಿಂತು ಬೆಚ್ಚಿಬೀಳುವುದು, ಹಗಲಲ್ಲಿ ಬೈಕ್ ಮೇಲೇ ಕಣ್ಣು ಎಳೆಯುವುದು, ಇವು ಇದ್ದರೆ ವಾಚಿನ ಅಂಕ 90 ಇದ್ದರೂ ಡಾಕ್ಟರ ಹತ್ತಿರ ಹೋಗಿ. ಸ್ಕ್ರೀನ್‌ಶಾಟ್ ಜೊತೆಗೆ ಆ ನೋಟ್‌ಬುಕ್ಕನ್ನೂ ಒಯ್ಯಿರಿ, ಗೊರಕೆಯ ಬಗ್ಗೆ ಪಕ್ಕದಲ್ಲಿ ಮಲಗುವವರ ಕೈಯಲ್ಲೇ ಎರಡು ಸಾಲು ಬರೆಸಿಕೊಂಡು.