ಹಿಂದಿನ ಸೀಟಿನಿಂದ ಶುರು ಮಾಡಿ ಸೆಡಾನ್ ಆರಿಸಿದೆ

ಮೂರು ಸೆಡಾನ್ ಬಾಡಿಗೆಗೆ ತಗೊಂಡು, ಒಂದೊಂದನ್ನೂ ಎರಡೆರಡು ದಿನ ಓಡಿಸಿ ಆಮೇಲೆ ಒಂದನ್ನ ಕೊಳ್ತೀನಿ ಅಂದಾಗ ಭಾವ ನಕ್ಕಿದ್ದರು. "ಟೆಸ್ಟ್ ಡ್ರೈವ್ ಪುಕ್ಕಟೆ ಕೊಡ್ತಾರೆ, ನೀನು ದುಡ್ಡು ಕೊಟ್ಟು ಓಡಿಸ್ತೀಯಾ?" ಈಗ ಅವರೇ ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ.

ಈ ಬುದ್ಧಿ ಬಂದದ್ದು ಹಳೆಯ ಕಾರಿನಿಂದ. ಆಗ ಹಾರ್ಸ್‌ಪವರ್ ನೋಡಿ ಚಿಕ್ಕ ಟರ್ಬೊ ಎಂಜಿನ್ (ಗಾಳಿಯನ್ನ ಒತ್ತಿ ತುಂಬಿ ಹೆಚ್ಚು ಶಕ್ತಿ ತೆಗೆಯುವಂಥದ್ದು) ಇರುವ ಕಾರು ತಗೊಂಡಿದ್ದೆ. ನನ್ನ ಓಡಾಟವೋ ಒಂದು ಸಲಕ್ಕೆ ನಾಲ್ಕೈದು ಕಿಲೋಮೀಟರ್, ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂದುಬಿಡುತ್ತಿತ್ತು. ಒಂದು ಚಳಿಗಾಲ ಎಂಜಿನ್ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಇಳಿಯುವ ಬದಲು ಏರಿತ್ತು. ಮೂಸಿದರೆ ಪೆಟ್ರೋಲ್ ವಾಸನೆ. ಎಂಜಿನ್ ಬಿಸಿಯಾಗದೆ, ಉರಿಯದೆ ಉಳಿದ ಪೆಟ್ರೋಲ್ ಆಯಿಲ್‌ಗೆ ಸೇರುತ್ತಿತ್ತು. ಅವಧಿಗೆ ಮುಂಚೆ ಆಯಿಲ್ ಬದಲಿಸಲು ಸುರಿದ ದುಡ್ಡಿನ ಅರ್ಧವೂ ಈ ಮೂರು ಬಾಡಿಗೆಗೆ ಆಗಲಿಲ್ಲ.

ಈ ಸಲ ಬಾಡಿಗೆಗೆ ತಂದದ್ದು ಹೋಂಡಾ ಅಕಾರ್ಡ್ 1.5 ಟರ್ಬೊ (192 ಎಚ್‌ಪಿ), ಅದರದೇ 2.0 ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟರ್ ಇರುವಂಥದ್ದು, 204), ಮತ್ತೆ ಅಮೆರಿಕದಲ್ಲಿ 2025ರ ಮಾದರಿಯಿಂದ ಹೈಬ್ರಿಡ್ ಆಗಿ ಮಾತ್ರ ಬರುತ್ತಿರುವ 2.5 ಟೊಯೋಟಾ ಕ್ಯಾಮ್ರಿ (225). ಬಾಡಿಗೆಯವರಿಂದ ಇದೇ ವೇರಿಯಂಟ್ ಬೇಕು ಅಂತ ಹೇಗೆ ಪಡೆದೆ ಅನ್ನೋದು ನನ್ನ ಗುಟ್ಟು, ಸದ್ಯಕ್ಕೆ ಹೇಳಲ್ಲ. ಐದು ಜನ, ತುಂಬಿದ ಡಿಕ್ಕಿ, ಎಸಿ ಆನ್, ಅದೇ ಏರು, ಅದೇ ಹೊತ್ತು. ಟರ್ಬೊ ಕಡಿಮೆ ಆರ್‌ಪಿಎಂನಲ್ಲೇ ಚೆನ್ನಾಗಿ ಎಳೆಯಿತು, ಸುಳ್ಳು ಹೇಳಲ್ಲ. ಆದರೆ ನನ್ನ ಓಡಾಟಕ್ಕೆ ಹೈಬ್ರಿಡ್ಡೇ ಸರಿ.

ಮೈಲೇಜ್ ಲೆಕ್ಕದಲ್ಲಿ ಮೊದಲು ಮುಗ್ಗರಿಸಿದೆ. ಒಂದು ಬಂಕ್‌ನಲ್ಲಿ ತುಂಬಿಸಿ, ಇನ್ನೊಂದರಲ್ಲಿ ಟಾಪ್‌ಅಪ್ ಮಾಡಿದೆ. ಲೀಟರಿಗೆ 27 ಕಿಲೋಮೀಟರ್ ಬಂತು! ಎರಡು ಪಂಪ್ ಒಂದೇ ಮಟ್ಟಕ್ಕೆ ನಿಲ್ಲಲ್ಲ, ಲೆಕ್ಕ ತಪ್ಪಿತ್ತು. ಎರಡು ದಿನ ಹಾಳು, ಬಾಡಿಗೆ ಮತ್ತೆ ಕೊಡಬೇಕಾಯಿತು. ಆಮೇಲೆ ಅದೇ ಪಂಪ್, ಮೊದಲ ಕ್ಲಿಕ್‌ಗೆ ನಿಲ್ಲಿಸು ಅಂತ ನಿಯಮ ಮಾಡಿಕೊಂಡೆ. ಹೈಬ್ರಿಡ್‌ಗಳು 19-20ರ ಆಸುಪಾಸು, ಟರ್ಬೊ 12 ಚಿಲ್ಲರೆ.

ಸುರಕ್ಷತೆಗೆ ಬ್ರೋಶರ್ ಓದಿ ಪ್ರಯೋಜನ ಇಲ್ಲ, ಎಲ್ಲದರಲ್ಲೂ ಅದೇ ಆಟೋ ಬ್ರೇಕ್, ಅದೇ ಲೇನ್ ಅಸಿಸ್ಟ್. ನಾನು ಹಿಂದೆ ಹೋಗಿ ಕೂತೆ. ಅಮೆರಿಕದ ಕಾರು ಸುರಕ್ಷತಾ ಪರೀಕ್ಷಾ ಸಂಸ್ಥೆ ಐಐಎಚ್‌ಎಸ್ 2022ರಿಂದ ಒಂದು ಮುಂಭಾಗದ ಡಿಕ್ಕಿ ಪರೀಕ್ಷೆಯಲ್ಲಿ ಹಿಂದಿನ ಸೀಟಿಗೂ ಡಮ್ಮಿ ಕೂರಿಸುತ್ತಿದೆ, ಮುಂದೆ ಭೇಷ್ ಅನ್ನಿಸಿಕೊಂಡ ಎಷ್ಟೋ ಕಾರುಗಳ ಬಣ್ಣ ಅಲ್ಲಿ ಬಯಲಾಯಿತು. 2023ರ ಅಕಾರ್ಡ್‌ಗೆ ಅದರಲ್ಲಿ ಅತಿ ಮೇಲಿನ ದರ್ಜೆ 'ಗುಡ್' ಸಿಕ್ಕಿದೆ. ಮಗಳನ್ನ ಕೂರಿಸಿ ಬೆಲ್ಟ್ ಹಾಕಿದೆ. ಮೇಲಿನ ಪಟ್ಟಿ ಹೆಗಲ ಮೇಲಿದೆಯಾ, ಕತ್ತಿಗೆ ಉಜ್ಜುತ್ತಾ? ಕೆಳಗಿನದು ಸೊಂಟದ ಮೂಳೆ ಬಿಟ್ಟು ಹೊಟ್ಟೆಗೆ ಹತ್ತುತ್ತಾ? ಹತ್ತು ನಿಮಿಷ ಬಿಟ್ಟು, ಅವಳು ಜಾರಿ ಕೂತ ಮೇಲೆ ಮತ್ತೆ ನೋಡಬೇಕು, ಅದೇ ಮುಖ್ಯ. ಒಂದು ಶೋರೂಮಿನಲ್ಲಿ ಹಿಂದಿನ ಬೆಲ್ಟ್‌ಗೆ ಪ್ರಿಟೆನ್ಷನರ್ (ಡಿಕ್ಕಿಯಾದ ಕ್ಷಣ ಬೆಲ್ಟ್ ಬಿಗಿ ಮಾಡುವ ಸಾಧನ) ಇದೆಯಾ ಅಂತ ಕೇಳಿದರೆ ಏರ್‌ಬ್ಯಾಗ್ ಎಣಿಸಿ ತೋರಿಸಿದರು!

ಮಧ್ಯೆ ಒಂದು ತರಲೆ. ಖಾಲಿ ಮೈದಾನದಲ್ಲಿ ರಟ್ಟಿನ ಪೆಟ್ಟಿಗೆ ಜೋಡಿಸಿ ಆಟೋ ಬ್ರೇಕ್ ಪರೀಕ್ಷೆ ಮಾಡಿದೆ. ಕಾರು ಸೀದಾ ನುಗ್ಗಿತು. ಅದು ಹುಡುಕೋದು ವಾಹನ, ಮನುಷ್ಯರ ಆಕಾರವನ್ನ, ರಟ್ಟನ್ನಲ್ಲ. ಮಗಳಿಗೆ ಖುಷಿ, ಹೆಂಡತಿಗೆ ಸಿಟ್ಟು. ಬಾಡಿಗೆ ಕಾರಿನ ಬಂಪರ್‌ಗೆ ಅಂಟಿದ ಟೇಪ್ ಕೆರೆಯಲು ಅರ್ಧ ಗಂಟೆ ಹಿಡಿಯಿತು.

ಕೊನೆಗೆ ತಗೊಂಡದ್ದು ಅಕಾರ್ಡ್ ಹೈಬ್ರಿಡ್, ಹನ್ನೊಂದು ಸಾವಿರ ಕಿಲೋಮೀಟರ್ ಹತ್ತಿರ ಆಯಿತು. ಡಿಪ್‌ಸ್ಟಿಕ್ ಮಾತ್ರ ಈಗಲೂ ಭಾನುವಾರ ಬಂದರೆ ಎಳೆದು ಮೂಸುತ್ತೇನೆ.