ಆಂಪ್ಲಿಫೈಯರ್ ಸೀರಿಯಲ್ ಕಮಾಂಡ್‌ಗೆ ಉತ್ತರ ಕೊಡುತ್ತಿಲ್ಲವೇ? ಮೊದಲು ಕೇಬಲ್ ನೋಡಿ

ಉಪಕರಣಗಳನ್ನು ತಾನಾಗಿ ನಡೆಸುವ ಆಟೊಮೇಶನ್ ಕಂಟ್ರೋಲರ್‌ಗೆ ಆಂಪ್ಲಿಫೈಯರ್‌ನ ಸೀರಿಯಲ್ ಮಾಡ್ಯೂಲ್ (ಸೀರಿಯಲ್ ಕೇಬಲ್ ಮೂಲಕ ಅದಕ್ಕೆ ಕಮಾಂಡ್ ಕಳಿಸುವ ಪ್ರೋಗ್ರಾಂ ಭಾಗ) ಸೇರಿಸುವ ಮೊದಲು, ಲ್ಯಾಪ್‌ಟಾಪ್‌ನ ಟರ್ಮಿನಲ್‌ನಿಂದ (ಕಮಾಂಡ್ ಟೈಪ್ ಮಾಡಿ ಕಳಿಸುವ ಪ್ರೋಗ್ರಾಂ) ಒಂದು ಪವರ್ ಆನ್ ಕಮಾಂಡ್ ಕಳಿಸಿ ನೋಡಿ. ನಾನು ಒಮ್ಮೆ ಇಡೀ ಮಧ್ಯಾಹ್ನ ಪ್ರೋಗ್ರಾಂ ತಿದ್ದುತ್ತಾ ಕೂತಿದ್ದೆ. ತಪ್ಪಿದ್ದದ್ದು ಕೇಬಲ್‌ನಲ್ಲಿ!

ಒಂಬತ್ತು ಪಿನ್‌ನ ಕನೆಕ್ಟರ್‌ನಲ್ಲಿ ಡೇಟಾ ಹೋಗಿಬರುವುದು 2 ಮತ್ತು 3ರಲ್ಲಿ, 5 ಗ್ರೌಂಡ್. ಕೆಲವು ಉಪಕರಣಕ್ಕೆ ನೇರ ಕೇಬಲ್ ಬೇಕು, ಕೆಲವಕ್ಕೆ 2-3 ಅದಲುಬದಲಾದ ನಲ್ ಮೋಡೆಮ್ ಕೇಬಲ್. ತಂತಿ ಒಳಗೇ ತುಂಡಾಗಿದೆ ಅನ್ನಿಸಿದರೆ ಆಚೆ ತುದಿಯ 2, 3 ಪಿನ್‌ಗಳನ್ನು ಸಣ್ಣ ತಂತಿಯಿಂದ ಸೇರಿಸಿ, ಲೋಕಲ್ ಎಕೋ (ಟೈಪ್ ಮಾಡಿದ್ದನ್ನು ಟರ್ಮಿನಲ್ ತಾನೇ ತೋರಿಸುವುದು) ಆಫ್ ಮಾಡಿ ಟೈಪ್ ಮಾಡಿ. ಅದೇ ಅಕ್ಷರ ವಾಪಸ್ ಬಂದರೆ ತಂತಿ ಸರಿಯಿದೆ.

ಬಾಡ್ ರೇಟ್ (ಡೇಟಾ ಹೋಗುವ ವೇಗ) 9600 ಇರುವುದೇ ಜಾಸ್ತಿ, ಆದರೂ ಮ್ಯಾನ್ಯುಯಲ್ ನೋಡಿಯೇ ಹಾಕಿ. ಕಮಾಂಡ್ ಕೊನೆಯಲ್ಲಿ ಕ್ಯಾರೇಜ್ ರಿಟರ್ನ್ (ಸಾಲು ಮುಗಿಯಿತು ಎನ್ನುವ ಸಂಕೇತ) ಕೇಳುವ ಉಪಕರಣ, ಅದು ಬರುವವರೆಗೂ ಸುಮ್ನೆ ಕಾಯುತ್ತಲೇ ಇರುತ್ತದೆ.