ದಾಸವಾಳ ಸೊರಗಿದೆಯೇ? ಗೊಬ್ಬರ ಹಾಕುವ ಮೊದಲು ಬುಡ ಕೆದಕಿ

ಕಾಸರಗೋಡಿನ ಅಂಗಳಗಳಲ್ಲಿ ದಾಸವಾಳ ಸೊರಗುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ: ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬೇರು ಕೊಳೆತು, ಇಲ್ಲವೇ ಮಾರ್ಚ್-ಏಪ್ರಿಲ್‌ನ ಸೆಕೆಗೆ ಹಿಟ್ಟು ತಿಗಣೆ (ರಸ ಹೀರುವ ಬಿಳಿ ಕೀಟ) ಹತ್ತಿ. ಎರಡರಲ್ಲೂ ಎಲೆ ಹಳದಿಯಾಗುತ್ತದೆ, ಮೊಗ್ಗು ಉದುರುತ್ತದೆ. ಹಳದಿ ಕಂಡ ಕೂಡಲೇ ಯೂರಿಯಾ ಹಾಕುವುದು ದೊಡ್ಡ ತಪ್ಪು. ಕೊಳೆಯುತ್ತಿರುವ ಗಿಡದಲ್ಲಿ ಉಳಿದ ನಾಲ್ಕು ಬೇರೂ ಹಾಳಾಗುತ್ತವೆ.

ಮೊದಲು ಗೆಲ್ಲಿನ ತುದಿಯಿಂದ ಕೆಳಗೆ ಅಲ್ಲಲ್ಲಿ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸುರು ಸಿಕ್ಕಿದಲ್ಲಿಂದ ಕೆಳಗೆ ಜೀವ ಇದೆ. ಕಂದಾಗಿ ಒಣಗಿದ ಭಾಗ ಚಿಗುರುವುದಿಲ್ಲ, ಕಡಿದುಬಿಡಿ.

ಮುಂದೆ ಬುಡ. ಮುರಕಲ್ಲು (ಕರಾವಳಿಯ ಕೆಂಪು ಕಲ್ಲು) ಕಡಿದು ಮಾಡಿದ ಗುಂಡಿ ಕಲ್ಲಿನ ತೊಟ್ಟಿಯ ಹಾಗೆ. ಮಳೆನೀರು ಒಳಗೇ ನಿಲ್ಲುತ್ತದೆ. ಗಿಡದಿಂದ ಒಂದೂವರೆ ಅಡಿ ದೂರದಲ್ಲಿ ಒಂದಡಿ ಆಳದ ಕುಳಿ ತೋಡಿ ನೀರು ತುಂಬಿಸಿ. ಐದಾರು ಗಂಟೆ ಕಳೆದರೂ ನೀರು ಇಳಿಯದಿದ್ದರೆ ರೋಗದ ಮೂಲ ಅಲ್ಲಿಯೇ. ಕುಳಿಯಲ್ಲಿ ಸಿಕ್ಕಿದ ಸಣ್ಣ ಬೇರೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಒಳ್ಳೆಯ ಬೇರು ಬಿಳಿಯಾಗಿ ಗಟ್ಟಿ ಇರುತ್ತದೆ. ಕೊಳೆತದ್ದರ ಸಿಪ್ಪೆ ಜಾರಿ ಕೈಗೆ ಬಂದು, ಒಳಗಿನ ನೂಲು ಮಾತ್ರ ಉಳಿಯುತ್ತದೆ, ವಾಸನೆಯೂ ಇರುತ್ತದೆ. ಆಗ ಇಳಿಜಾರಿನ ಕಡೆಗೆ ಒಂದಡಿ ಆಳದ ಕಣಿ ತೋಡಿ ನೀರು ಹೊರಹೋಗುವಂತೆ ಮಾಡಿ, ಗೆಲ್ಲುಗಳನ್ನು ಮೂರನೇ ಒಂದು ಪಾಲು ಕಡಿಯಿರಿ. ಬೇರು ಕಡಿಮೆಯಾದ ಗಿಡ ಅಷ್ಟು ಎಲೆಗಳಿಗೆ ನೀರು ಒದಗಿಸಲಾರದು. ಬಚ್ಚಲ ನೀರು ಅದೇ ಬುಡಕ್ಕೆ ಬರುತ್ತಿದ್ದರೆ ತಿರುಗಿಸಿ.

ಬೇರು ಸರಿ ಇದ್ದರೆ ಹಳದಿ ಎಲ್ಲಿಂದ ಶುರುವಾಗಿದೆ ನೋಡಿ. ಕೆಳಗಿನ ಹಳೆಯ ಎಲೆಯಲ್ಲಿ ನರ ಹಸುರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಜೋರು ಮಳೆ ಅದನ್ನು ಮಣ್ಣಿನಿಂದ ತೊಳೆದೊಯ್ಯುತ್ತದೆ. ಲೀಟರಿಗೆ 5 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಕರಗಿಸಿ ಎಲೆಗೆ ಸಿಂಪಡಿಸಿ. ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಬುಡದ ಸುತ್ತ 100 ಗ್ರಾಂ ಡೋಲೋಮೈಟ್ (ಮೆಗ್ನೀಸಿಯಂ ಇರುವ ಸುಣ್ಣದ ಕಲ್ಲಿನ ಪುಡಿ) ಹಾಕಿ. ಹಟ್ಟಿಗೊಬ್ಬರಕ್ಕೆ ಎರಡು ವಾರ ಕಾಯಿರಿ, ಜೊತೆಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಹಳದಿ ತುದಿಯ ಎಳೆ ಎಲೆಗಳಲ್ಲಿದ್ದು ಗಿಡ ಹೊಸ ಸಿಮೆಂಟು ಗೋಡೆಯ ಪಕ್ಕದಲ್ಲಿದ್ದರೆ ಕಬ್ಬಿಣದ ಕೊರತೆ ಇರಬಹುದು. ಗಾರೆ ಬಿದ್ದ ಮಣ್ಣು ತೆಗೆದು ಬೇರೆ ಮಣ್ಣು ತುಂಬಿಸಿ. ಅಲ್ಲಿ ಡೋಲೋಮೈಟ್ ಬೇಡ.

ಚಿಗುರು ಮುರುಟಿ ಮುದ್ದೆಯಾಗಿ, ಸಂದಿನಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಕಾಂಡದ ಮೇಲೆ ಹೆಚ್ಚಾಗಿ ಇರುವೆ ಸಾಲು ಇರುತ್ತದೆ. ತಿಗಣೆ ಹೊರಬಿಡುವ ಅಂಟು ರಸದ ಆಸೆಗೆ ಅವು ತಿಗಣೆಯನ್ನು ಕಾಯುತ್ತವೆ. ಮುರುಟಿದ ತುದಿ ಕತ್ತರಿಸಿ ಸಾಬೂನು ನೀರಿನಲ್ಲಿ ಮುಳುಗಿಸಿ, ಗೊಬ್ಬರದ ಗುಂಡಿಗೆ ಎಸೆಯಬೇಡಿ. 5 ಗ್ರಾಂ ಬಾರ್ ಸಾಬೂನನ್ನು ಬಿಸಿನೀರಿನಲ್ಲಿ ಕರಗಿಸಿ, 20 ಮಿಲಿಲೀಟರ್ ಬೇವಿನೆಣ್ಣೆ, ಅರೆದು ಸೋಸಿದ 20 ಗ್ರಾಂ ಬೆಳ್ಳುಳ್ಳಿ ಸೇರಿಸಿ ಒಂದು ಲೀಟರ್ ಮಾಡಿ. ಸಾಬೂನು ಕಡಿಮೆಯಾದರೆ ಎಣ್ಣೆ ತೇಲಿ ಎಲೆ ಸುಡುತ್ತದೆ. ಸಂಜೆ ಹೊತ್ತು, ಎಲೆಯ ಅಡಿಗೂ ತಾಗುವಂತೆ, ವಾರಕ್ಕೊಮ್ಮೆ ಮೂರು ಸಲ ಹೊಡೆಯಿರಿ. ಗೊಂಪು (ಎಲೆ ಹಿಚುಕಿ ತೆಗೆದ ಲೋಳೆ) ಮಾಡಿ ತಲೆಗೆ ಹಚ್ಚುವ ಸೊಪ್ಪು ಇದು. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಜಿಲ್ಲೆಯಲ್ಲಿ ಇದಕ್ಕೂ ವಿಷದ ಬಾಟ್ಲಿ ಯಾಕೆ?

ಮೊಗ್ಗು ಮಾತ್ರ ಉದುರುತ್ತಿದ್ದರೆ ಬಿದ್ದದ್ದನ್ನು ಬ್ಲೇಡಿನಿಂದ ಸೀಳಿ. ಒಳಗೆ ಹುಳ ಇದ್ದರೆ ಬಿದ್ದ ಮೊಗ್ಗನ್ನೆಲ್ಲ ದಿನಾ ಹೆಕ್ಕಿ ಸುಡಿ. ಏನೂ ಇಲ್ಲದಿದ್ದರೆ ನೀರು ಹಾಕುವ ರೀತಿ ಸರಿಪಡಿಸಿ: ಒಂದು ದಿನ ಒಣಗಿಸಿ ಮರುದಿನ ಕೊಡಗಟ್ಟಲೆ ಸುರಿಯಬೇಡಿ, ಬುಡಕ್ಕೆ ತರಗೆಲೆ ಮುಚ್ಚಿ. ಸುತ್ತು ದಾಸವಾಳದ (ಹಲವು ಸುತ್ತು ಎಸಳಿನದು) ಕೆಲವು ಜಾತಿಗಳು ಆರೈಕೆ ಮಾಡಿದರೂ ಮೊಗ್ಗು ಉದುರಿಸುತ್ತವೆ, ಅದು ಅವುಗಳ ಗುಣ.

ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಾಗಾಗಿ ಚೇತರಿಸಿದ ಗಿಡವನ್ನು ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್ ಹೊತ್ತಿಗೆ, ಹೊರಮುಖದ ಕಣ್ಣಿನ (ಚಿಗುರೊಡೆಯುವ ಜಾಗ) ಮೇಲೆ ಓರೆಯಾಗಿ ಕತ್ತರಿಸಿ.